ಟ್ರಂಕಿನಲ್ಲಿ ಬಚ್ಚಿಟ್ಟ ಕುಂದಾ ಡಬ್ಬಿ: ಕದ್ದು ತಿನ್ನೋದು ನಿಲ್ಲಿಸೋದು ಹೇಗೆ

ಬೆಳಗಾವಿಯಲ್ಲಿ ಎಂ.ಎ. ಓದುವಾಗ ನನ್ನ ಟ್ರಂಕಿನಲ್ಲಿ, ಬಟ್ಟೆ ಕೆಳಗೆ, ಯಾವಾಗಲೂ ಒಂದು ಕುಂದಾ ಡಬ್ಬಿ ಇರುತ್ತಿತ್ತು. ಮೆಸ್‌ನಲ್ಲಿ ರೊಟ್ಟಿ ಊಟ ಆಗಿರುತ್ತಿತ್ತು, ಹಸಿವು ಇರುತ್ತಿರಲಿಲ್ಲ. ಆದರೂ ರೂಮ್‌ಮೇಟ್ ಮಲಗಿದ ಮೇಲೆ ಸದ್ದಾಗದ ಹಾಗೆ ಮುಚ್ಚಳ ತೆಗೆದು, ಬೆರಳಿನಲ್ಲೇ ಕೆರೆದು ಕೆರೆದು ಪೂರ್ತಿ ಖಾಲಿ ಮಾಡುತ್ತಿದ್ದೆ. ಆಮೇಲೆ ಅಳು.

ನಿಮಗೂ ಹೀಗಾಗುತ್ತಿದ್ದರೆ, ದಯವಿಟ್ಟು ನಾಳೆಯಿಂದ ಉಪವಾಸ ಅಂತ ಹೊರಡಬೇಡಿ. ನಾಷ್ಟಾ ಬಿಟ್ಟು, ಮಧ್ಯಾಹ್ನ ಬರೀ ಚಹಾದಲ್ಲಿ ಕಳೆದರೆ ರಾತ್ರಿ ಕೈ ತಡೆಯೋದು ಇನ್ನೂ ಕಷ್ಟ. ಮೂರು ಹೊತ್ತು ಊಟ ಮಾಡಿ, ನಡುವೆ ಒಂದಿಷ್ಟು ಶೇಂಗಾನೋ ಚುರುಮುರಿನೋ ಇರಲಿ, ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬೇಡಿ. ಹಿಂದಿನ ರಾತ್ರಿ ಎಷ್ಟೇ ತಿಂದಿದ್ದರೂ ಅಷ್ಟೇ.

ಆಮೇಲೆ ಒಂದು ನೋಟ್‌ಬುಕ್ ಇಡಿ. ಕ್ಯಾಲರಿ ಲೆಕ್ಕ ಬೇಡ. ಡಬ್ಬಿಗೆ ಕೈ ಹಾಕೋ ಮುಂಚೆ ಏನಾಗಿತ್ತು ಅಂತ ಬರೆಯಿರಿ. ನನ್ನದರಲ್ಲಿ ಒಂದೇ ವಾರ ನಾಲ್ಕು ಸಲ ಅದೇ ಸಾಲು: 'ಮನೆಯಿಂದ ಫೋನ್ ಬಂತು.' ಅಪ್ಪ ಕುಡಿದು ಬಂದು ತಾಟು ಎಸೆಯುತ್ತಿದ್ದ ರಾತ್ರಿಗಳಲ್ಲಿ ನಾನು ಅಡುಗೆಮನೆ ಮೂಲೆಯಲ್ಲಿ ಕೂತು ಬೆಲ್ಲ ತಿನ್ನುತ್ತಿದ್ದೆ. ಏಳೆಂಟು ವರ್ಷದ ಹುಡುಗಿಗೆ ಇದ್ದ ಸಮಾಧಾನ ಅದೊಂದೇ.

ಇದು ನನ್ನೊಬ್ಬಳ ಕಥೆ ಅಲ್ಲ. ಅಮೆರಿಕದ ವೈದ್ಯ ವಿನ್ಸೆಂಟ್ ಫೆಲಿಟ್ಟಿ ತೂಕ ಇಳಿಸೋ ಕ್ಲಿನಿಕ್ ನಡೆಸುತ್ತಿದ್ದಾಗ, ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಬಿಟ್ಟು ಹೋಗೋದು ನೋಡಿ ಕೂರಿಸಿಕೊಂಡು ಕೇಳಿದರು. ಎಷ್ಟೋ ಜನ ಚಿಕ್ಕಂದಿನಲ್ಲಿ ದೌರ್ಜನ್ಯ ಅನುಭವಿಸಿದ್ದರು. ಬಾಲ್ಯದ ನೋವಿನ ಬಗ್ಗೆ 1998ರಲ್ಲಿ ಬಂದ ದೊಡ್ಡ ಅಧ್ಯಯನ ಶುರುವಾಗಿದ್ದು ಅಲ್ಲಿಂದಲೇ. ಹಾಗಂತ ಕಷ್ಟದಲ್ಲಿ ಬೆಳೆದವರೆಲ್ಲ ಹೀಗಾಗಲ್ಲ.

ತಿನ್ನಲೇಬೇಕು ಅನ್ನಿಸಿದಾಗ ರೂಮ್ ಬಿಟ್ಟು ಕಾರಿಡಾರ್‌ಗೆ ಬನ್ನಿ, ಇಪ್ಪತ್ತು ನಿಮಿಷ ಯಾರ ಜೊತೆಗಾದರೂ ಇರಿ. ಎಷ್ಟೋ ಸಲ ಆ ತುಡಿತ ಇಳಿಯುತ್ತೆ. ಇಳಿಯದಿದ್ದರೆ ಬಚ್ಚಿಟ್ಟುಕೊಳ್ಳದೆ, ತಟ್ಟೆಗೆ ಹಾಕಿಕೊಂಡು, ಲೈಟ್ ಹಾಕಿ ತಿನ್ನಿ.

ತಿಂದದ್ದನ್ನು ಬೇಕಂತಲೇ ವಾಂತಿ ಮಾಡುತ್ತಿದ್ದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ. 'ಫುಡ್ ಅಡಿಕ್ಷನ್' ಅಂತ ಅವರು ಚೀಟಿಯಲ್ಲಿ ಬರೆಯದೇ ಇರಬಹುದು, ಮಾನಸಿಕ ಕಾಯಿಲೆ ಗುರುತಿಸೋಕೆ ವೈದ್ಯರು ಬಳಸೋ ಡಿಎಸ್‌ಎಂ-5 ಪಟ್ಟಿಯಲ್ಲಿ ಆ ಹೆಸರಿಲ್ಲ. ಬಿಂಜ್ ಈಟಿಂಗ್ ಡಿಸಾರ್ಡರ್ (ವಾಂತಿ ಮಾಡದೆ, ಆದರೆ ತಡೆಯೋಕಾಗದೆ ಪದೇ ಪದೇ ಒಮ್ಮೆಲೇ ವಿಪರೀತ ತಿನ್ನೋ ಕಾಯಿಲೆ) ಇದೆ, ಅದಕ್ಕೆ ಚಿಕಿತ್ಸೆಯೂ ಇದೆ. ಹೋಗೋಕೆ ಧೈರ್ಯ ಸಾಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿ ಆದರೂ ಸರಿ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ 'ಕದ್ದು ತಿನ್ನುತ್ತೇನೆ, ನಿಲ್ಲಿಸೋಕೆ ಆಗುತ್ತಿಲ್ಲ' ಅನ್ನಿ. ನಾನು ಮೊದಲ ಸಲ ಹೇಳಿದ್ದೂ ಅಷ್ಟೇ.