ಸ್ಟಿಯರಿಂಗ್ ಒಬ್ಬರಿಗೆ, ದಾರಿ ಇನ್ನೊಬ್ಬರಿಗೆ

ಅಮೆರಿಕದ ಯೂಟಾ ರಾಜ್ಯದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಎತ್ತರದ ಪ್ರಸ್ಥಭೂಮಿಯೊಂದರ ಬುಡವನ್ನು ಸುತ್ತಿ ಬರುವ ವೈಟ್ ರಿಮ್ ರಸ್ತೆಯ ಸುತ್ತು ಸುಮಾರು 160 ಕಿ.ಮೀ. 1950ರ ದಶಕದಲ್ಲಿ ಯುರೇನಿಯಂ ಹುಡುಕಾಟಕ್ಕಾಗಿ ಕಡಿದ ಈ ಕಲ್ಲುಮಣ್ಣಿನ ದಾರಿಯನ್ನು ಗಂಡಹೆಂಡತಿ ಇಬ್ಬರೇ ಕ್ರಮಿಸಲು ಎರಡು ಮೂರು ದಿನ ಬೇಕು.

ಮೊದಲು ಉದ್ಯಾನದ ಪರವಾನಗಿ ಪಡೆಯಿರಿ. ಒಂದೇ ದಿನದಲ್ಲಿ ಮರಳುವವರಿಗೂ ಅದು ಕಡ್ಡಾಯ. ಲೋ ರೇಂಜ್ ಗೇರ್ (ನಿಧಾನ ವೇಗದಲ್ಲಿ ಚಕ್ರಗಳಿಗೆ ಹೆಚ್ಚು ಬಲ ಕೊಡುವ ಗೇರು) ಇರುವ, ನೆಲದಿಂದ ಎತ್ತರವಿರುವ ಫೋರ್ ವೀಲ್ ಡ್ರೈವ್ ವಾಹನವೇ ಆಗಬೇಕು. ಬಾಡಿಗೆಗೆ ತೆಗೆದುಕೊಳ್ಳುವುದಾದರೆ, ಡಾಂಬರು ಬಿಟ್ಟು ಇಳಿಯಲು ಕರಾರು ಅನುಮತಿಸುತ್ತದೆಯೇ ಎಂದು ಓದಿ ನೋಡಿ. ಹತ್ತಿರದ ಮೋಆಬ್ ಪಟ್ಟಣದಲ್ಲಿ ಟ್ಯಾಂಕ್ ತುಂಬಿಸಿ, ದಿನಕ್ಕೆ ತಲಾ ನಾಲ್ಕು ಲೀಟರ್‌ನಂತೆ, ಒಂದು ದಿನದ ಹೆಚ್ಚುವರಿ ಸೇರಿಸಿ, ನೀರು ಹೊತ್ತೊಯ್ಯಿರಿ. ದಾರಿಯಲ್ಲಿ ಕುಡಿಯುವ ನೀರು ಸಿಗುವುದಿಲ್ಲ.

ಮಣ್ಣಿಗೆ ಇಳಿದ ಕೂಡಲೇ ಟೈರಿನ ಗಾಳಿಯನ್ನು 35 ಪಿಎಸ್‌ಐಯಿಂದ 20–25ರವರೆಗೆ ಇಳಿಸಿ. ಆಗ ಟೈರು ಹರಡಿಕೊಂಡು ಮರಳಿನಲ್ಲಿ ಹೂತುಹೋಗುವುದು ಕಡಿಮೆಯಾಗುತ್ತದೆ, ಕಲ್ಲಿನ ಏಟೂ ಮೆತ್ತಗಾಗುತ್ತದೆ. ಆದರೆ ಅಷ್ಟೇ ಗಾಳಿಯಲ್ಲಿ ಡಾಂಬರಿನ ಮೇಲೆ ವೇಗವಾಗಿ ಓಡಿಸಿದರೆ ಟೈರು ಕಾದು ಕೆಡುತ್ತದೆ. ಮತ್ತೆ ತುಂಬಿಸಲು ಸಣ್ಣ ಕಂಪ್ರೆಸರ್ ಜೊತೆಯಲ್ಲಿರಲಿ.

ಪ್ರಸ್ಥಭೂಮಿಯಿಂದ ಕೆಳಗಿಳಿಸುವ ಶೇಫರ್ ತಿರುವುಗಳ ಇಳಿಜಾರಿನಲ್ಲಿ ಲೋ ರೇಂಜ್‌ನ ಮೊದಲ ಗೇರಿನಲ್ಲೇ ಇಳಿಯಿರಿ. ಒಂದೇ ಸಮನೆ ಬ್ರೇಕ್ ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುವುದರಿಂದ ವಾಹನದ ಭಾರವನ್ನು ಎಂಜಿನ್ ತಡೆಯಬೇಕು. ಏರಿ ಬರುವ ವಾಹನಕ್ಕೆ ದಾರಿ ಬಿಡಿ.

ಮರ್ಫಿ ಹಾಗ್‌ಬ್ಯಾಕ್, ಹಾರ್ಡ್‌ಸ್ಕ್ರ್ಯಾಬಲ್ ದಿಣ್ಣೆಗಳಂಥ ಕಡಿದಾದ ಕಡೆ ಒಬ್ಬರು ಇಳಿದು, ಮೊದಲು ದಾರಿಯನ್ನು ನಡೆದು ನೋಡಿ, ಬಳಿಕ ಗಾಡಿಯ ಮುಂದೆ ಸಾಕಷ್ಟು ದೂರದಲ್ಲಿ, ಚಾಲಕರಿಗೆ ಕಾಣುವಂತೆ, ಆದರೆ ಗಾಡಿ ಜಾರಿದರೆ ಸಿಲುಕದ ಜಾಗದಲ್ಲಿ ನಿಂತು ಕೈಸನ್ನೆಯಿಂದ ನಡೆಸಬೇಕು. ಎಡ, ಬಲ, ನಿಲ್ಲು ಎಂಬ ಮೂರೇ ಸನ್ನೆಗಳನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ. ಕರ್ನಾಟಕದಲ್ಲಿ ಬಲಗಡೆ ಕುಳಿತು ಓಡಿಸಿ ಕಲಿತವರಿಗೆ ಅಲ್ಲಿ ಎಡಗಡೆ ಕುಳಿತಾಗ ಬಲಚಕ್ರ ಎಲ್ಲಿದೆಯೆಂಬ ಅಂದಾಜು ತಪ್ಪುತ್ತದೆ. ಆದ್ದರಿಂದ ನೆಲದಲ್ಲಿ ನಿಂತವರ ಮಾತೇ ಅಂತಿಮ. ವಾದವಿದ್ದರೆ ರಾತ್ರಿ ಬಿಡಾರದಲ್ಲಿ ಮುಗಿಸಿಕೊಳ್ಳಬಹುದು.

ಗಾಡಿ ಕೆಟ್ಟರೆ ಅದನ್ನು ಬಿಟ್ಟು ಬಿಸಿಲಲ್ಲಿ ನಡೆಯಬೇಡಿ. ಮೊಬೈಲ್ ಸಿಗ್ನಲ್ಲನ್ನು ನಂಬುವಂತಿಲ್ಲ, ಎಳೆದೊಯ್ಯುವ ಖರ್ಚು ಸಾವಿರ ಡಾಲರ್ ಮೀರುವುದುಂಟು; ಆದರೂ ಹುಡುಕಿ ಬರುವವರಿಗೆ ಮೊದಲು ಕಾಣುವುದು ಗಾಡಿಯೇ.