ಕೆಂಪು ಚುಕ್ಕೆ ಬಿದ್ದ ಪುಸ್ತಕಗಳು

ನಮ್ಮ ಶಾಲೆಯ ಲೈಬ್ರರಿ ಎಂದರೆ ಎರಡು ಕಬ್ಬಿಣದ ಕಪಾಟು, ಒಂದು ಉದ್ದದ ಬೆಂಚು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಮಾಧ್ಯಮ ಹೈಸ್ಕೂಲು ಇದು. ಇಲ್ಲಿನ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ತುಳುವೋ ಮಲಯಾಳವೋ ಹವ್ಯಕವೋ ಮಾತಾಡಿ, ಶಾಲೆಗೆ ಬಂದು ಕನ್ನಡ ಓದುವವರು. ಕನ್ನಡ ಪಾಠ ಮಾಡುವ ನನ್ನ ಕೈಗೇ ಕಪಾಟಿನ ಬೀಗದ ಕೈಯೂ ಬಂತು. ಈಗ ಹನ್ನೊಂದು ವರ್ಷವಾಯಿತು.

ಮೊದಲ ವರ್ಷ ಮಂಗಳೂರಿಗೆ ಹೋಗಿ, ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಆರಿಸಿ ಆರಿಸಿ ಪುಸ್ತಕ ತಂದೆ. ಮಹಾಪುರುಷರ ಜೀವನ, ನೀತಿಕತೆ, ವ್ಯಕ್ತಿತ್ವ ವಿಕಸನ. ಜೂನ್ 19 ನಮ್ಮ ಕೇರಳದಲ್ಲಿ ವಾಚನಾ ದಿನ, ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ತೀರಿಕೊಂಡ ದಿನ. ಅವತ್ತು ಅವನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಇಟ್ಟೆ. ಮಕ್ಕಳು ಒಯ್ದರು, ಮರುವಾರ ತಂದುಕೊಟ್ಟರು. ಮತ್ತೆ ಯಾರೂ ಕೇಳಲಿಲ್ಲ. ಮಳೆಗಾಲ ಮುಗಿಯುವಾಗ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ತುಂಬ ಬೇಸರವಾಯಿತು.

ಅದೇ ಕಪಾಟಿನಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ 'ಕರ್ವಾಲೊ'ದ ಒಂದು ಹಳೇ ಪ್ರತಿ ಇತ್ತು. ಅದರ ಹಾಳೆ ಅಂಟಿಕೊಂಡಿರಲಿಲ್ಲ, ಕಿತ್ತು ಬಂದಿತ್ತು. ಮನೆಗೆ ಒಯ್ದು ಮೈದಾ ಅಂಟು ಕಾಯಿಸಿ, ಚಿಟಿಕೆ ಮೈಲುತುತ್ತು ಹಾಕಿ ಬೈಂಡ್ ಮಾಡಲು ಕೂತೆ. ಅಡಿಕೆಗೆ ಮದ್ದು ಬಿಡುವ ಮನೆಯಲ್ಲಿ ಮೈಲುತುತ್ತಿಗೆ ಬರವಿಲ್ಲ. ಅದು ಸೇರಿದರೆ ಅಂಟಿಗೆ ಜಿರಳೆ ಬಾಯಿ ಹಾಕುವುದಿಲ್ಲ. ಹಾಳೆ ಜೋಡಿಸುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಪುಸ್ತಕ ಎಲ್ಲ ಕಡೆ ಒಂದೇ ಥರ ಸವೆದಿರಲಿಲ್ಲ. ಕತೆಯ ಹಳ್ಳಿಯ ಹುಡುಗ ಮಂದಣ್ಣ ಬರುವ ಪುಟಗಳ ಮೂಲೆ ಜಾಸ್ತಿ ಕಪ್ಪಾಗಿತ್ತು. ಕೆಲವನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದ್ದರು. ಓದಿ ಮುಗಿಸಿದವರೇ ಹಿಂದೆ ತಿರುಗಿ ಬಂದ ಗುರುತು ಅದು.

ಆಮೇಲೆ ರಿಜಿಸ್ಟರಿನಲ್ಲಿ ಒಂದು ಕ್ರಮ ಇಟ್ಟುಕೊಂಡೆ. ಒಂದೇ ಮಗು ಅದೇ ಪುಸ್ತಕವನ್ನು ಎರಡನೇ ಸಲ ಒಯ್ದರೆ ಹೆಸರಿನ ಮುಂದೆ ಕೆಂಪು ಚುಕ್ಕೆ. ಮೊದಲ ಸಲ ಪುಸ್ತಕ ಒಯ್ಯುವುದು ಮುಖಪುಟ ನೋಡಿ, ಗೆಳೆಯರು ಹೇಳಿದ್ದು ಕೇಳಿ. ಕೊನೆ ಏನಾಗುತ್ತದೆ ಎಂದು ಗೊತ್ತಿದ್ದೂ ಮತ್ತೆ ಬಂದು ಕೇಳಿದರೆ ಅದು ಪುಸ್ತಕದ್ದೇ ಶಕ್ತಿ, ಅಲ್ವಾ?

ಪತ್ತೇದಾರಿ ಕಾದಂಬರಿಗಳು ಕೈಯಿಂದ ಕೈಗೆ ಓಡುತ್ತವೆ. ಕೆಂಪು ಚುಕ್ಕೆ ಬೀಳುವುದು ಕಡಿಮೆ. 'ಕೊಂದದ್ದು ಯಾರು ಅಂತ ಗೊತ್ತಾಯ್ತಲ್ಲ ಟೀಚರೇ' ಎನ್ನುತ್ತಾರೆ. ಆದರೂ ಅವನ್ನು ನಾನು ತೆಗೆದಿಲ್ಲ. ಎಷ್ಟೋ ಮಕ್ಕಳು ಕಪಾಟಿನ ಹತ್ತಿರ ಬಂದದ್ದೇ ಅವುಗಳಿಂದ.

'ಕರ್ವಾಲೊ' 1980ರಲ್ಲಿ ಬಂದದ್ದು, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವವರ ಕತೆ. ತೇಜಸ್ವಿ ಅದನ್ನು ಹದಿಹರೆಯದವರಿಗೆಂದೇ ಬರೆದದ್ದಲ್ಲ. ಆದರೆ ನನ್ನ ರಿಜಿಸ್ಟರಿನಲ್ಲಿ ಅತಿ ಹೆಚ್ಚು ಕೆಂಪು ಚುಕ್ಕೆ ಅದಕ್ಕೇ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಅದನ್ನು ನಾಲ್ಕು ಸಲ ಒಯ್ದ. ಒಂದು ದಿನ ಬಂದು, 'ಟೀಚರೇ, ನಮ್ಮ ತೋಟದ ಅಡಿಕೆ ಮರದಲ್ಲಿ ಹಾರುವ ಓತಿ ಉಂಟು. ಇವರು ಯಾಕೆ ಅದಕ್ಕೆ ಅಷ್ಟು ದೂರ ಹೋದದ್ದು?' ಎಂದ. ಅವನು ಹೇಳಿದ್ದು ನಿಜ. ನಮ್ಮ ಕಡೆಯ ತೋಟಗಳಲ್ಲಿ ಹಾರುವ ಓತಿ ಇದೆ, ಪಕ್ಕೆಯ ಚರ್ಮ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ಹಾಗಾದರೆ ಪುಸ್ತಕದಲ್ಲಿ ಮತ್ತೆ ಮತ್ತೆ ಏನು ಓದುತ್ತಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ಅವರ ಒಟ್ಟಿಗೆ ಹೋಗ್ಲಿಕ್ಕೆ' ಎಂದ.

ನನಗೆ ಗೊತ್ತಾಗದೆ ಇದ್ದದ್ದು ಅದೇ. ಕತೆಯ ಕುತೂಹಲ ಒಂದು ಸಲಕ್ಕೆ ಮುಗಿಯುತ್ತದೆ. ಜೊತೆ ಮುಗಿಯುವುದಿಲ್ಲ. ವಿಜ್ಞಾನಿ ಕರ್ವಾಲೊ ಹಳ್ಳಿಯ ಮಂದಣ್ಣನನ್ನು ಸರಿಸಮ ಕಂಡು ಮಾತಾಡುತ್ತಾರೆ. ಪಾಠದಲ್ಲಿ ಹಿಂದೆ ಬಿದ್ದ ಹುಡುಗನಿಗೆ ಅದು ಎಷ್ಟು ದೊಡ್ಡ ವಿಷಯ! ಕೊನೆಗೆ ಓತಿ ಕೈಗೆ ಸಿಗದೆ ಕಣಿವೆಗೆ ಹಾರಿಹೋಗುತ್ತದೆ. ಅದು ಸೋಲೋ ಅಲ್ಲವೋ ಎಂದು ಮಕ್ಕಳು ಈಗಲೂ ಜಗಳಾಡುತ್ತಾರೆ. ಲೇಖಕರು ಉತ್ತರ ಕೊಟ್ಟುಬಿಟ್ಟಿದ್ದರೆ ಈ ಜಗಳ ಇರುತ್ತಿರಲಿಲ್ಲ.

ಸಾರಾ ಅಬೂಬಕ್ಕರ್ ನಮ್ಮ ಕಾಸರಗೋಡಿನವರೇ. ಅವರ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಅದರ ನಾಯಕಿ ನಾದಿರಾಳ ಕತೆಯ ಕೊನೆ ಬಹಳ ಕಠಿಣ. ಶಾಲೆಯ ಕಪಾಟಿನಲ್ಲಿ ಇಡುವುದೋ ಬೇಡವೋ ಎಂದು ಒಂದು ವರ್ಷ ಯೋಚಿಸಿದೆ. ಇಟ್ಟೆ, ಹತ್ತನೆಯವರಿಗೆ ಮಾತ್ರ, ಓದಿದ ಮೇಲೆ ನನ್ನ ಹತ್ತಿರ ಬಂದು ಕೂರಬೇಕು ಎಂದು ಹೇಳಿ. ಮೊದಲು ಒಯ್ದ ಹುಡುಗಿ ಬಂದು ಕೂತಳು. ಅಳಲಿಲ್ಲ. 'ನಾದಿರಾಳಿಗೆ ಏನು ಬೇಕು ಅಂತ ಯಾರೂ ಕೇಳಲೇ ಇಲ್ಲ ಅಲ್ವಾ ಟೀಚರೇ?' ಎಂದಳು. ಎಷ್ಟೋ ಹೊತ್ತು ಮಾತಾಡಿದೆವು. ಜನವರಿಯಲ್ಲಿ, ಪರೀಕ್ಷೆ ಹತ್ತಿರ ಬಂದಾಗ, ಅದನ್ನೇ ಮತ್ತೆ ಒಯ್ದಳು. ಹದಿನೈದರ ಮಕ್ಕಳಿಗೆ ಕಷ್ಟದ ಪುಸ್ತಕ ಕೊಡಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊಟ್ಟು ಕೈಬಿಡಬಾರದು ಅಷ್ಟೇ.

ಶುಕ್ರವಾರದ ಕೊನೇ ಪೀರಿಯಡ್ಡಿನಲ್ಲಿ ಗಟ್ಟಿಯಾಗಿ ಓದುತ್ತೇನೆ. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೇಳುವುದೂ ಉಂಟು. 1967ರ 'ದಿ ಔಟ್‌ಸೈಡರ್ಸ್' ಹೀಗೆ ಹೇಳಿದ ಕತೆ. ಎಸ್. ಇ. ಹಿಂಟನ್ ಅದನ್ನು ಹೈಸ್ಕೂಲಿನಲ್ಲಿ ಇದ್ದಾಗ ಬರೆದವರು, ಪುಸ್ತಕ ಬಂದಾಗ ಅವರಿಗೆ 18 ವರ್ಷ ಎಂದಾಗ ಹಿಂದಿನ ಬೆಂಚೂ ತಲೆ ಎತ್ತಿತು. ಬಡವರ ಗುಂಪಿನ ಹುಡುಗ, ಶ್ರೀಮಂತರ ಗುಂಪಿನ ಹುಡುಗಿ. ಇಬ್ಬರಿಗೂ ಕಾಣುವ ಸೂರ್ಯಾಸ್ತ ಒಂದೇ ಎಂಬ ಜಾಗದಲ್ಲಿ ಕ್ಲಾಸು ಪೂರ್ತಿ ಸುಮ್ಮನಾಯಿತು. ಅಮೆರಿಕಾದ ಊರು, ಎಂದೂ ನೋಡದ ಬೀದಿ. ಆದರೆ ಎಲ್ಲರಿಗೂ ಅರ್ಥವಾಯಿತು.

ಓದು ಮುಗಿದ ತಕ್ಷಣ ಆಸ್ವಾದನಾ ಟಿಪ್ಪಣಿ ಬರೆಯಿರಿ ಎಂದು ಹೇಳುವುದನ್ನು ಬಿಟ್ಟಿದ್ದೇನೆ. ಮಕ್ಕಳು ತಾವಾಗಿ ಮಾತಾಡಲು ಎರಡು ವಾರ ಬೇಕಾಗುತ್ತದೆ.

ಕಳೆದ ವರ್ಷ 'ಕರ್ವಾಲೊ'ದ ಎರಡು ಹೊಸ ಪ್ರತಿ ತಂದೆ. ಹಳೆಯದನ್ನು ಮೂರನೇ ಸಲ ಬೈಂಡ್ ಮಾಡಿ ಮೇಲಿನ ಅರೆಯಲ್ಲಿ ಎತ್ತಿಟ್ಟೆ. ಆ ನಾಲ್ಕು ಸಲ ಓದಿದ ಹುಡುಗ ಅದರ ಕೊನೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಓತಿ ಬಿಡಿಸಿದ್ದಾನೆ, ಅಡಿಕೆ ಮರಕ್ಕೆ ಅಂಟಿಕೊಂಡದ್ದು. ನಾನು ಉಜ್ಜಲಿಲ್ಲ. ಈಗ ಎಂಟನೆಯವರು ಹೊಸ ಪುಸ್ತಕ ಕೊಟ್ಟರೆ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ.

'ಇದಲ್ಲ ಟೀಚರೇ. ಓತಿ ಇರುವುದು ಕೊಡಿ.'