ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ: ಬಿ.ಟೆಕ್ ಮಕ್ಕಳಿಗೆ ರಜೆಯ ಕೆಲಸ

ಕಾಸರಗೋಡಿನ ಬದಿಯಡ್ಕದ ಕಡೆ ತೋಟದ ಪಂಪ್ ರಿಪೇರಿ ಮಾಡಿಕೊಂಡಿರುವವನು ನಾನು. ಮಾರ್ಚ್ ಬಂತೆಂದರೆ ಅಡಿಕೆ ತೋಟದವರ ಫೋನ್ ನಿಲ್ಲುವುದೇ ಇಲ್ಲ. ಹೋಗಿ ನೋಡಿದರೆ ಎಷ್ಟೋ ಮನೆಯಲ್ಲಿ ಇಂಜಿನಿಯರಿಂಗ್ ಓದಿದ ಒಬ್ಬ ಹುಡುಗನೋ ಹುಡುಗಿಯೋ ಪಂಪಿನ ಪಕ್ಕದಲ್ಲೇ ನಿಂತಿರುತ್ತಾರೆ, ಏನು ಮಾಡಬೇಕೆಂದು ಗೊತ್ತಿಲ್ಲದೆ. ಬುದ್ಧಿ ಕಡಿಮೆ ಅಂತ ಅಲ್ಲ. ಯಾರೂ ಅವರ ಕೈಗೆ ಸ್ಪ್ಯಾನರ್ ಕೊಟ್ಟಿಲ್ಲ, ಅಷ್ಟೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗ ಮೆಕ್ಯಾನಿಕಲ್ ಕೊನೆಯ ವರ್ಷ. ಹೋದ ಬೇಸಿಗೆಯಲ್ಲಿ ಫೋನ್ ಮಾಡಿದ. "ಮಾವ, ಮೋಟಾರು ಚೆನ್ನಾಗಿ ತಿರುಗುತ್ತದೆ, ನೀರು ಮಾತ್ರ ಬರುವುದಿಲ್ಲ."

"ಎಷ್ಟು ಹೊತ್ತಾಯಿತು?"

"ಅರ್ಧ ಗಂಟೆ."

ನಾನು ಹೋಗುವಷ್ಟರಲ್ಲಿ ಪಂಪಿನ ಮೈ ಮುಟ್ಟಲಾಗದಷ್ಟು ಬಿಸಿ, ಗ್ಲ್ಯಾಂಡಿನ ಹಗ್ಗ (ತಿರುಗುವ ಶಾಫ್ಟಿನ ಸುತ್ತ ನೀರು ಸೋರದಂತೆ ಸುತ್ತುವುದು) ಸುಟ್ಟ ವಾಸನೆ ಕೆರೆಬದಿಯೆಲ್ಲ. ಬರ್ನೂಲಿಯ ಸೂತ್ರ ಕೇಳಿದರೆ ಅವನು ನಿದ್ದೆಯಲ್ಲೂ ಹೇಳುತ್ತಾನೆ. ಕೆರೆಯೊಳಗೆ ಪೈಪಿನ ಕೆಳತುದಿಯಲ್ಲಿದ್ದು, ಹತ್ತಿದ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಎಂಬುದನ್ನು ಮಾತ್ರ ಕಣ್ಣಿನಿಂದ ನೋಡಿರಲಿಲ್ಲ.

ಹಾಗಾಗಿ ಮೊದಲ ಪಾಠ ಇಲ್ಲಿಂದಲೇ. ನೀರು ಬರದಿದ್ದರೆ ತಕ್ಷಣ ಸ್ವಿಚ್ ಆಫ್ ಮಾಡಿ. ಪಂಪಿನ ತಲೆಯ ಮೇಲಿನ ಪ್ಲಗ್ (ಬಿರಡೆ) ಬಿಚ್ಚಿ ಕೊಡಪಾನದಿಂದ ನೀರು ಹೊಯ್ಯಿರಿ. ತುಂಬಿ ನಿಂತರೆ ಫುಟ್‌ವಾಲ್ವ್ ಸರಿ ಇದೆ. ಹೊಯ್ದಷ್ಟೂ ಇಳಿದು ಹೋಗುತ್ತಿದ್ದರೆ ಕೆಳಗೆ ಅದರ ಬಾಯಿ ಸರಿಯಾಗಿ ಮುಚ್ಚುತ್ತಿಲ್ಲ ಎಂದರ್ಥ. ಅವತ್ತು ನಾವು ಪೈಪ್ ಎತ್ತಿ ನೋಡಿದಾಗ ಅಡಿಕೆ ಸೋಗೆಯ ಒಂದು ಚೂರು, ಬೆರಳುದ್ದವೂ ಇಲ್ಲ, ವಾಲ್ವಿನ ಮುಚ್ಚಳದ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ತೆಗೆದು ತೊಳೆದು ಇಳಿಸಿದೆವು, ಗ್ಲ್ಯಾಂಡಿಗೆ ಹೊಸ ಹಗ್ಗ ಸುತ್ತಿದೆವು, ನೀರು ತುಂಬಿಸಿ ಸ್ಟಾರ್ಟ್ ಮಾಡಿದರೆ ಐದಾರು ಸೆಕೆಂಡಿನಲ್ಲಿ ಸ್ಪ್ರಿಂಕ್ಲರ್ ತಿರುಗಿತು. ಅವನ ಮುಖ ನೋಡಬೇಕಿತ್ತು!

ನೀರು ತುಂಬಿ ನಿಲ್ಲುತ್ತದೆ, ಆದರೂ ಎತ್ತುವುದಿಲ್ಲವೇ? ಸಕ್ಷನ್ ಪೈಪಿನ, ಅಂದರೆ ಕೆರೆಯಿಂದ ಪಂಪಿಗೆ ಬರುವ ಪೈಪಿನ, ಜಾಯಿಂಟ್‌ನಲ್ಲಿ ಗಾಳಿ ಹಿಡಿಯುತ್ತಿರಬಹುದು. ಓಡುವಾಗ ಅಲ್ಲಿ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ಹಾಗಾಗಿ ನೋಡಿದರೆ ಒಣಗಿಯೇ ಇರುತ್ತದೆ. ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ, ಎಲ್ಲಿ ಎಳೆದುಕೊಳ್ಳುತ್ತದೋ ಅಲ್ಲೇ ತೂತು. ಅದೂ ಇಲ್ಲವಾದರೆ ಕೆರೆಯ ನೀರಿನಿಂದ ಪಂಪಿನವರೆಗಿನ ಎತ್ತರ ಅಳೆಯಿರಿ. ಪಂಪ್ ನೀರನ್ನು ಎಳೆಯುವುದಲ್ಲ, ಕೆರೆಯ ಮೇಲಿನ ಗಾಳಿ ನೀರನ್ನು ಪೈಪಿಗೆ ತಳ್ಳುವುದು ಅಲ್ವಾ? ಗಾಳಿ ತಳ್ಳಬಲ್ಲ ಎತ್ತರ ಲೆಕ್ಕದಲ್ಲಿ 10.3 ಮೀಟರ್. ತೋಟದಲ್ಲಿ 6-7 ಮೀಟರ್ ದಾಟಿದರೆ ಕಷ್ಟ. ಏಪ್ರಿಲಿನಲ್ಲಿ ಕೆರೆ ತಗ್ಗಿದಾಗ ಪಂಪನ್ನು ಕೆಳಗಿನ ಮೆಟ್ಟಿಲಿಗೆ ಇಳಿಸುವುದು ಇದಕ್ಕೇ. ನಿಮ್ಮ ಅಜ್ಜನಿಗೆ ಸೂತ್ರ ಗೊತ್ತಿರಲಿಲ್ಲ, ಮೆಟ್ಟಿಲು ಗೊತ್ತಿತ್ತು.

ಇನ್ನು ಸ್ಪ್ಯಾನರ್. "ಎಂ8 ಬೋಲ್ಟ್, ಎಂಟರ ಸ್ಪ್ಯಾನರ್ ಕೊಡಿ ಮಾವ" ಅಂದ ಅದೇ ಹುಡುಗ. 8 ಎಂದರೆ ಬೋಲ್ಟಿನ ಕಡ್ಡಿಯ ದಪ್ಪ, ತಲೆಗೆ ಬೇಕಾದ್ದು 13ರ ಸ್ಪ್ಯಾನರ್. ಎಂ6ಕ್ಕೆ 10. ಪೈಪಿನದೂ ಇದೇ ಕಥೆ, ಒಂದಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಟೇಪ್ ಹಿಡಿದರೆ ಹೊರಗಿನ ಅಳತೆ 33 ಮಿ.ಮೀ. ಮೇಲೆಯೇ ಬರುತ್ತದೆ. ಅಂಗಡಿಯಲ್ಲಿ ನಿಂತು ವಾದ ಮಾಡಬೇಡಿ, ಹಳೆಯ ತುಂಡನ್ನೇ ತೆಗೆದುಕೊಂಡು ಹೋಗಿ.

ಕರೆಂಟಿನ ವಿಷಯದಲ್ಲಿ ಮಾತ್ರ ದಯವಿಟ್ಟು ಅವಸರ ಬೇಡ. ಟೆಸ್ಟರಿನ ಹಿಂಬದಿಯ ಲೋಹಕ್ಕೆ ಬೆರಳು ತಾಗಿಸದಿದ್ದರೆ ಅದು ಉರಿಯುವುದಿಲ್ಲ, ನೀವು ಕರೆಂಟ್ ಇಲ್ಲ ಅಂದುಕೊಂಡು ವಯರಿಗೆ ಕೈ ಹಾಕುತ್ತೀರಿ. ಅದಕ್ಕೇ ಮೊದಲು ಕರೆಂಟ್ ಇರುವುದು ಖಾತ್ರಿಯಿರುವ ಜಾಗದಲ್ಲಿ ಉರಿಯುತ್ತದೆಯೇ ನೋಡಿ, ಆಮೇಲೆ ಬೇರೆ ಕಡೆ. ಟೆಸ್ಟರ್ ಉರಿದೂ ಬಲ್ಬ್ ಉರಿಯದಿದ್ದರೆ ನ್ಯೂಟ್ರಲ್ ಕಡಿದಿರಬಹುದು. ಮೂರು ಪಿನ್ನಿನ ಪ್ಲಗ್ ಬಿಚ್ಚಿ ಕಟ್ಟುವುದನ್ನು ಹತ್ತು ಸಲವಾದರೂ ಮಾಡಿ. ಉದ್ದದ ಪಿನ್ ಅರ್ಥ್, ಹಾಕುವಾಗ ಮೊದಲು ತಾಗಿ ತೆಗೆಯುವಾಗ ಕೊನೆಗೆ ಬಿಡಬೇಕು ಅಂತಲೇ ಅದು ಉದ್ದ. ಹಳೆಯ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಹೊಸ ಸಾಮಾನುಗಳ ಕೇಬಲಿನಲ್ಲಿ ಕಂದು, ನೀಲಿ, ಹಸಿರು-ಹಳದಿ. ಫ್ಯೂಸ್ ಹೋದರೆ ಸಿಕ್ಕಿದ ತಾಮ್ರದ ಎಳೆ ಕಟ್ಟಬೇಡಿ. ಇಎಲ್‌ಸಿಬಿ (ಕರೆಂಟ್ ಲೀಕ್ ಆದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಾ ಇದ್ದರೆ ಅದನ್ನು ಬೈಪಾಸ್ ಮಾಡಲೇಬೇಡಿ, ಎಲ್ಲೋ ಲೀಕ್ ಇದೆ ಅಂತ ಅದು ಹೇಳುತ್ತಿದೆ. ಒದ್ದೆ ಕಾಲಿನಲ್ಲಿ ಪಂಪ್ ಮುಟ್ಟುವ ನಮಗೆ ಜೀವ ಉಳಿಸುವುದೇ ಅದು. ಮೋಟಾರು ಗುಂಯ್ ಅಂದು ತಿರುಗದಿದ್ದರೆ ಹೆಚ್ಚಾಗಿ ಮೋಟಾರು ಸ್ಟಾರ್ಟ್ ಆಗಲು ನೆರವಾಗುವ ಕೆಪಾಸಿಟರ್ ಹೋಗಿರುತ್ತದೆ, ಆದರೆ ಆಫ್ ಮಾಡಿದ ಮೇಲೂ ಅದರಲ್ಲಿ ಚಾರ್ಜ್ ಇರುತ್ತದೆ, ಗೊತ್ತಿದ್ದವರ ಜೊತೆ ನಿಂತು ಕಲಿಯಿರಿ.

ಬಿಲ್ಲಿನ ಲೆಕ್ಕವೂ ಮಾಡಿ ನೋಡಿ. 1 ಎಚ್‌ಪಿ ಎಂದರೆ 746 ವಾಟ್, ಸರಿ. ಅದು ಮೋಟಾರು ಕೊಡುವ ಶಕ್ತಿ. ತೆಗೆದುಕೊಳ್ಳುವುದು ಅದಕ್ಕಿಂತ ಜಾಸ್ತಿ, ನಾಲ್ಕು ಗಂಟೆ ಓಡಿದರೆ ಸುಮಾರು 4 ಯೂನಿಟ್ ಹಿಡಿಯಿರಿ.

ಕಲಿಯುವುದು ಹೇಗೆ ಅಂದರೆ, ಊರಿನ ಮೆಕ್ಯಾನಿಕ್ ಬಂದಾಗ ಒಳಗೆ ಫೋನ್ ಹಿಡಿದು ಕೂರಬೇಡಿ. ಪಕ್ಕದಲ್ಲಿ ಕುಳಿತು ಸಾಮಾನು ಎತ್ತಿ ಕೊಡಿ. ಅವರು ತುಳುವಿನಲ್ಲಿ ಮಾತಾಡಲಿ, ಮಲಯಾಳದಲ್ಲಿ ಮಾತಾಡಲಿ, ಸ್ಪ್ಯಾನರ್ ಸ್ಪ್ಯಾನರೇ. ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿ, ಸಂತೋಷದಿಂದ ಹೇಳುತ್ತಾರೆ. ಜೂನಿನಲ್ಲಿ ಮಳೆ ಹಿಡಿಯುವ ಮೊದಲು ಪಂಪನ್ನು ಕೆರೆಬದಿಯಿಂದ ಮೇಲೆ ತರುವ ದಿನವಂತೂ ಮನೆಯಲ್ಲೇ ಇರಿ. ಅವತ್ತು ಎಲ್ಲ ಬೋಲ್ಟೂ ಬಿಚ್ಚಲೇಬೇಕು, ಕೈಗಳು ಎಷ್ಟಿದ್ದರೂ ಸಾಲುವುದಿಲ್ಲ.